ಅರ್ಧ ಎಕ್ಸಲರೇಟರ್‌ನಲ್ಲಿ ಮಿಸ್ಸಿಂಗ್, ಪೂರ್ತಿ ಒತ್ತಿದರೆ ಸರಿ: 1984ರ ಅಂಬಾಸಡರ್, ಜೊತೆಗೆ ಲೈಟ್ ಕೂಡ ಮಂದ

ಅಪ್ಪನ ಅಂಬಾಸಡರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಗಾಡಿ 1984ರ ಅಂಬಾಸಡರ್ ಮಾರ್ಕ್ 4. ಪೆಟ್ರೋಲ್, 1489 ಸಿಸಿ ಎಂಜಿನ್. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ಹುಟ್ಟಿದಾಗ ಅವ್ವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಇದೇ ಗಾಡಿಯಲ್ಲಿ. ಮಾರುವ ಮಾತೇ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂರು ತಿಂಗಳಿಂದ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಎಂಜಿನ್ ನಡುನಡುವೆ ತಪ್ಪುತ್ತದೆ. ಹೋದ ತಿಂಗಳು ಮದುವೆಗೆ ಅಂತ ಹುಮನಾಬಾದಿಗೆ ಹೊರಟೆವು. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಸಪಾಟು ರಸ್ತೆಯಲ್ಲಿ 50, 60ರಲ್ಲಿ ಆರಾಮಾಗಿ ಹೋಗುವಾಗ ಜಗ್ಗಲು ಶುರು. ಯಾರೋ ಹಿಂದಿನಿಂದ ಹಿಡಿದು ಎಳೆದು ಬಿಟ್ಟ ಹಾಗೆ. ಸೈಲೆನ್ಸರ್‌ನಲ್ಲಿ ಒಂದೆರಡು ಸಲ ಪಟಾಕಿ ಸದ್ದು ಕೂಡ ಬಂತು. ಕಮಲಾಪುರದ ಹತ್ತಿರ ನಿಲ್ಲಿಸಿ, ಒಂದು ಡಜನ್ ಕೆಂಪು ಬಾಳೆಹಣ್ಣು ತಗೊಂಡು, ಅರ್ಧ ಗಂಟೆ ತಣ್ಣಗೆ ಬಿಟ್ಟು ಮತ್ತೆ ಹೊರಟರೂ ಅದೇ ಕಥೆ. ಆಶ್ಚರ್ಯ ಅಂದರೆ ಮುಂದೆ ಏರು ಬಂದಾಗ ಪೂರ್ತಿ ಎಕ್ಸಲರೇಟರ್ ಒತ್ತಿದೆ, ಗಾಡಿ ಸರಿಯಾಗಿ ಎಳೆಯಿತು.

ಇದರ ಜೊತೆಗೆ ಲೈಟಿನ ತೊಂದರೆ. ಹೆಡ್‌ಲೈಟ್ ಮಂದ. ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ಲೈಟ್ ಕೂಡ ಸಣ್ಣಗೆ ಮಿಣುಕುತ್ತದೆ. ಹಾರ್ನ್ ಗಂಟಲು ಕಟ್ಟಿದ ಹಾಗೆ. ಆರ್‌ಸಿ ರಿನ್ಯೂವಲ್ ಹತ್ತಿರ ಬಂದಿದೆ, ಹೀಗಿದ್ದರೆ ಫಿಟ್‌ನೆಸ್ ಆಗುವುದಿಲ್ಲ.

ಮೂರು ಗ್ಯಾರೇಜ್ ಆಯಿತು. ಕಿಡಿ ಹಾರಿಸುವ ಪ್ಲಗ್ ಹೊಸದು, ಕಾಯಿಲಿಗೆ ಕರೆಂಟ್ ಕೊಟ್ಟು ತಡೆಯುವ ಪಾಯಿಂಟ್ ಹೊಸದು, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಎರಡು ಸಲ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಒಂದು ಸಲ. ಕೊನೆಯವರು ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಪದ್ಮಿನಿ ಯಾದಗಿರಿ

ಅಣ್ಣಾ, ಎಂಜಿನ್ ಇಳಿಸಬೇಡಿ. ರಿಂಗ್ ಹೋದರೆ ಹೊಗೆ ಬರುತ್ತದೆ, ಆಯಿಲ್ ಕುಡಿಯುತ್ತದೆ, ಏರಿನಲ್ಲಿ ಮೊದಲು ಸೋಲುತ್ತದೆ. ನಿಮ್ಮದು ಏರು ಹತ್ತುತ್ತಿದೆ ಅಲ್ವಾ?

ನನಗೆ ವೇಪರ್ ಲಾಕ್ ಅನಿಸುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇನಲ್ಲಿ 42, 43 ಡಿಗ್ರಿ ದಾಟುತ್ತದೆ. ಪೆಟ್ರೋಲ್ ಪಂಪು ಎಂಜಿನ್ ಮೈಗೇ ಅಂಟಿಕೊಂಡಿರುತ್ತದೆ. ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಪಂಪು ಸುಮ್ನೆ ಹೊಡೆದುಕೊಳ್ಳುತ್ತದೆ. ನನ್ನ ಪದ್ಮಿನಿ ಕಾರು ಶಹಾಪುರ ರಸ್ತೆಯಲ್ಲಿ ಹೀಗೇ ಎರಡು ಸಲ ನಿಂತಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಿಟ್ಟೆ, ಹೊರಟಿತು. ಒದ್ದೆ ಬಟ್ಟೆಗೆ ಸರಿ ಹೋದರೆ ಅದು ವೇಪರ್ ಲಾಕೇ.

ಇನ್ನೊಂದು ಮಾತು. ಈಗ ಬರುವುದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. ನಮ್ಮ ಗಾಡಿಗಳ ಹಳೇ ರಬ್ಬರ್ ಪೈಪು ಇದಕ್ಕೆ ಮಾಡಿದ್ದಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ನೀವು ಪೈಪು ಬದಲಿಸಿ ಎಷ್ಟು ದಿನ ಆಯಿತು?

ಅಪ್ಪನ ಅಂಬಾಸಡರ್, ಕಲಬುರಗಿ

ಪೈಪು ಹೋದ ವರ್ಷ ಬದಲಿಸಿದ್ದೇನೆ ಅಣ್ಣಾ. ಒದ್ದೆ ಬಟ್ಟೆಯೂ ಹಾಕಿ ನೋಡಿದೆ, ಫರಕು ಇಲ್ಲ. ಬೆಳಗ್ಗೆ ಆರಕ್ಕೆ ತಣ್ಣನೆ ಗಾಡಿ ತಗೊಂಡು ಸೇಡಂ ರಸ್ತೆಯಲ್ಲಿ ಹೋದರೂ ಹತ್ತನೇ ನಿಮಿಷಕ್ಕೆ ಮಿಸ್ಸಿಂಗ್.

ರಿಂಗ್ ರೋಡ್ ರೈಡರ್

ಬ್ರೋ, ಪಾಯಿಂಟ್ ಕಂಡೆನ್ಸರ್ ಎಲ್ಲ ಹಳೇ ಕಾಲದ್ದು. ಅದರ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿ. ನನ್ನ ಜೀಪಿಗೆ ಹಾಕಿಸಿದ್ದೇನೆ, ನಾಲ್ಕು ವರ್ಷ ಡೆಲ್ಕೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದಿಲ್ಲ. ಗ್ಯಾಪ್ ಹಿಡಿಯುವ ಕೆಲಸವೇ ಇಲ್ಲ.

ಹಳೇ ವೈರ್‌ಮನ್, ಬೀದರ್

ಎಲ್ಲ ಓದಿದೆ. ನಾನು 36 ವರ್ಷ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡಿದವನು, ಈಗ ಕಣ್ಣು ಸಾಲದು ಅಂತ ಬಿಟ್ಟಿದ್ದೇನೆ. ಅಂಬಾಸಡರ್ ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಲ್ಲ.

ತಮ್ಮಾ, ನೀನು ಬರೆದದ್ದರಲ್ಲಿ ಒಂದು ಮಾತು ಬಹಳ ಮುಖ್ಯ. ಅರ್ಧ ಒತ್ತಿದಾಗ ಮಿಸ್ಸಿಂಗ್, ಪೂರ್ತಿ ಒತ್ತಿದರೆ ಸರಿ. ಇದನ್ನು ಗ್ಯಾರೇಜಿನಲ್ಲಿ ಯಾರೂ ಕೇಳಿಸಿಕೊಂಡಿಲ್ಲ. ಕಾಯಿಲ್ ಸೋತಿದ್ದರೆ, ಪ್ಲಗ್ ಕೆಟ್ಟಿದ್ದರೆ, ಭಾರ ಬಿದ್ದಾಗ ಜಾಸ್ತಿ ಆಗಬೇಕು. ಪೂರ್ತಿ ಎಕ್ಸಲರೇಟರ್‌ನಲ್ಲಿ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಅಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಪೆಟ್ರೋಲ್ ಸಾಲದಿದ್ದರೂ ಏರಿನಲ್ಲೇ ನಿಲ್ಲಬೇಕು. ನಿನ್ನದು ಉಲ್ಟಾ. ಹಾಗಾಗಿ ನನಗೆ ಒಂದು ಅನುಮಾನ ಇದೆ, ಆದರೆ ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಅರ್ತ್, ಅಂದರೆ ಕರೆಂಟ್ ಬಾಡಿ ಹಿಡಿದು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸರಿ ಮಾಡಬೇಕು. ಅರ್ತ್ ಕೆಟ್ಟಿರುವ ಗಾಡಿಯಲ್ಲಿ ಬೇರೆ ಏನು ಚೆಕ್ ಮಾಡಿದರೂ ಮೀಟರ್ ಸುಳ್ಳು ಹೇಳುತ್ತದೆ.

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುವುದು ಹಿಂದಿನ ಲೈಟಿಗೆ ಅರ್ತ್ ಸಿಗದೆ. ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲ, ಪಕ್ಕದ ಬಲ್ಬಿನ ಫಿಲಮೆಂಟ್ ಹಿಡಿದು ಸುತ್ತಿ ಹೋಗುತ್ತದೆ. ಬಲ್ಬ್ ಹೋಲ್ಡರ್ ಬಿಚ್ಚಿ, ಅದು ಬಾಡಿಗೆ ಕೂರುವ ಜಾಗದ ತುಕ್ಕು ಉಜ್ಜು.

ಎಂಜಿನ್ ಅರ್ತ್ ಬೇರೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಅದಕ್ಕೂ ನಡುವೆ ಒಂದು ಹೆಣೆದ ಪಟ್ಟಿ ಇರುತ್ತದೆ. ಗೇರ್‌ಬಾಕ್ಸ್ ಕೆಲಸ ಮಾಡಿದವರು ಅದನ್ನು ಬಿಚ್ಚಿ, ಮತ್ತೆ ಹಾಕುವಾಗ ಸಡಿಲ ಬಿಡುತ್ತಾರೆ, ಇಲ್ಲವೇ ಮರೆತೇಬಿಡುತ್ತಾರೆ. ಆಗ ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟ್ ಚೋಕ್ ವೈರ್, ಎಕ್ಸಲರೇಟರ್ ಕೇಬಲ್ ಹಿಡಿದು ಓಡುತ್ತದೆ. ಐದಾರು ಸೆಕೆಂಡ್ ಸೆಲ್ಫ್ ಹೊಡೆದು ಚೋಕ್ ಕೇಬಲ್ ಮುಟ್ಟಿ ನೋಡು. ಬಿಸಿ ಇದ್ದರೆ ಹೇಳು.

ಒಂದು ಮಲ್ಟಿಮೀಟರ್ ತಗೋ, ಸಣ್ಣದಾದರೂ ಸಾಕು. 20 ವೋಲ್ಟ್ ಡಿಸಿಯಲ್ಲಿ ಇಡು. ಕೆಂಪು ಕಡ್ಡಿ ಎಂಜಿನ್ ಬ್ಲಾಕಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೇ, ಕ್ಲಾಂಪಿಗಲ್ಲ. ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಮತ್ತೆ, ನಿನ್ನದು ಮೈನಸ್ ಅರ್ತ್ ತಾನೆ, ಅಂದರೆ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿದ್ದು? ಇದರ ಮೂಲ ಗಾಡಿ ಮಾರಿಸ್ ಆಕ್ಸ್‌ಫರ್ಡ್ ಪ್ಲಸ್ ಅರ್ತ್‌ದು. ಹಳೇ ಗಾಡಿ ಅಂದಮೇಲೆ ನೋಡದೆ ಕೈ ಹಾಕಬಾರದು.

ಕಿಟ್ ಹಾಕಿಸು ಅಂದ ಹುಡುಗನಿಗೆ: ಕಿಟ್ ಕೆಟ್ಟದ್ದಲ್ಲಪ್ಪಾ. ಆದರೆ ರೋಗ ಗೊತ್ತಾಗುವ ಮೊದಲು ಬೇಡ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅಪ್ಪನ ಅಂಬಾಸಡರ್, ಕಲಬುರಗಿ

ಕಾಕಾ, ನಮಸ್ಕಾರ. ಮೈನಸ್ ಅರ್ತೇ. ಚೋಕ್ ಕೇಬಲ್ ಬಿಸಿ ಆಗುತ್ತದೆ! ಬೆರಳು ಇಡಲು ಆಗಲಿಲ್ಲ. ಮೀಟರ್‌ನಲ್ಲಿ 1.8 ವೋಲ್ಟ್ ತೋರಿಸಿತು.

ಕೆಳಗೆ ಮಲಗಿ ನೋಡಿದೆ. ಪಟ್ಟಿ ಇದೆ, ಆದರೆ ಅರ್ಧಕ್ಕರ್ಧ ಎಳೆ ಹರಿದು ಹಸಿರಾಗಿದೆ. ಬಾಡಿ ಕಡೆ ಬೋಲ್ಟಿನ ಕೆಳಗೆ ಪೇಂಟ್ ಹಾಗೇ ಇದೆ. ಅಂದರೆ ಪೇಂಟ್ ಮಾಡಿಸಿದಾಗಿನಿಂದ ಹೀಗೇ ಇರಬೇಕು, ಆರು ವರ್ಷ.

ಹಳೇ ವೈರ್‌ಮನ್, ಬೀದರ್

ಹಾಂ, ಅದೇ. ಹೊಸ ಪಟ್ಟಿ ಹಾಕು. ಬ್ಯಾಟರಿ ಮೈನಸ್ ಬಿಚ್ಚಿ ಕೆಲಸ ಶುರು ಮಾಡು. ಎರಡೂ ಕಡೆ ಕಬ್ಬಿಣ ಹೊಳೆಯುವ ತನಕ ಉಜ್ಜು. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡು, ಆಮೇಲೆ ಮೇಲಿನಿಂದ ವ್ಯಾಸಲೀನ್ ಹಚ್ಚು. ಮೊದಲೇ ಹಚ್ಚಬೇಡ.

ಅಪ್ಪನ ಅಂಬಾಸಡರ್, ಕಲಬುರಗಿ

ಎರಡು ದಿನ ಆಯಿತು ಬರೆಯಲು, ಕೆಲಸದ ಗಡಿಬಿಡಿ.

ಪಟ್ಟಿ ಬದಲಿಸಿದೆ. ಈಗ 0.2 ವೋಲ್ಟ್. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆ, ಇಷ್ಟು ವರ್ಷ ಬ್ಯಾಟರಿ ಸೋತಿದೆ ಅಂತಲೇ ಅಂದುಕೊಂಡಿದ್ದೆವು. ಗಾಡಿ ಚಾಲೂ ಇದ್ದಾಗ ಸ್ವಲ್ಪ ರೇಸ್ ಕೊಟ್ಟರೆ ಬ್ಯಾಟರಿ ಮೇಲೆ 14.1. ಮೊದಲು 12.9 ದಾಟುತ್ತಿರಲಿಲ್ಲ. ಹಿಂದಿನ ಲೈಟ್ ಹೋಲ್ಡರ್ ಉಜ್ಜಿದೆ, ಮಿಣುಕುವುದು ನಿಂತಿತು. ಹಾರ್ನ್ ಕೇಳಿ ಅಪ್ಪ ಹೊರಗೆ ಬಂದು ನಿಂತುಬಿಟ್ಟರು.

ಆದರೆ ಮಿಸ್ಸಿಂಗ್ ಹಾಗೇ ಇದೆ ಕಾಕಾ. ಒಂದಿಷ್ಟೂ ಕಡಿಮೆ ಆಗಿಲ್ಲ.

ತೊಗರಿ ನಾಡು, ಸೇಡಂ

ಡೈನಮೋ ಕೂಡ ಎಂಜಿನ್ ಮೇಲೇ ಕೂತಿರುವುದು, ಅದರ ವಾಪಸ್ ದಾರಿಯೂ ಅದೇ ಪಟ್ಟಿ. ಅದಕ್ಕೇ ಚಾರ್ಜಿಂಗ್ ಏರಿತು. ನಮ್ಮ ಕಡೆ ಒಬ್ಬರು ಇದೇ ತೊಂದರೆಗೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿ, ಅದೂ ಸಾಲದೆ ಹೊಸ ಬ್ಯಾಟರಿ ತಗೊಂಡರು. ಒಂದು ಪಟ್ಟಿ ಅಷ್ಟೇ ಇದ್ದದ್ದು ಪಾಪ.

ಅಣ್ಣಾ, ಕತ್ತಲಲ್ಲಿ ಬಾನೆಟ್ ತೆಗೆದು ನೋಡಿದ್ದೀರಾ? ಪ್ಲಗ್ ವೈರ್ ಹಳೆಯದಾಗಿದ್ದರೆ ನೀಲಿ ಕಿಡಿ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಡೆಲ್ಕೋ ಮುಚ್ಚಳದ ಒಳಗೆ ಪೆನ್ಸಿಲ್ ಗೀರು ಎಳೆದ ಹಾಗೆ ಕಪ್ಪು ಗೆರೆ ಇದ್ದರೆ ಅದು ಕಿಡಿ ಸುಟ್ಟ ಗುರುತು, ಅಲ್ಲಿಂದಲೇ ಕಿಡಿ ಸೋರುತ್ತದೆ. ಒಳಗಿನ ಕಾರ್ಬನ್ ಗುಂಡಿ ಸವೆದಿದೆಯಾ ಅದನ್ನೂ ನೋಡಿ.

ಅಪ್ಪನ ಅಂಬಾಸಡರ್, ಕಲಬುರಗಿ

ರಾತ್ರಿ ನೋಡಿದೆ, ಎಲ್ಲೂ ಕಿಡಿ ಇಲ್ಲ. ಮುಚ್ಚಳ ಚೊಕ್ಕವಾಗಿದೆ. ಪ್ಲಗ್ ನಾಲ್ಕೂ ಬಿಚ್ಚಿದೆ, ನಾಲ್ಕೂ ಒಂದೇ ತರಹ ಕಂದು ಬಣ್ಣ. ಗ್ಯಾಪ್ 25 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇಟ್ಟಿದ್ದೇನೆ, ಪಾಯಿಂಟ್ 15 ಥೌ. ಫೈರಿಂಗ್ ಆರ್ಡರ್ 1-3-4-2 ಸರಿ ಇದೆ.

ಹಳೇ ವೈರ್‌ಮನ್, ಬೀದರ್

ನಾಲ್ಕೂ ಒಂದೇ ತರಹ ಅಂದರೆ ಒಳ್ಳೆಯ ಸುದ್ದಿ. ಒಂದು ಸಿಲಿಂಡರಿನ ದೋಷ ಅಲ್ಲ. ಪ್ಲಗ್, ಪ್ಲಗ್ ವೈರ್, ವಾಲ್ವ್, ರಿಂಗ್ ಎಲ್ಲ ಪಕ್ಕಕ್ಕಿಡು. ನಾಲ್ಕಕ್ಕೂ ಸೇರಿದ ದಾರಿಯಲ್ಲಿ ದೋಷ ಇದೆ. ಅಂದರೆ ಕೀಲಿಯಿಂದ ಕಾಯಿಲ್, ಕಾಯಿಲಿನಿಂದ ಪಾಯಿಂಟ್, ಪಾಯಿಂಟಿನಿಂದ ಅರ್ತ್.

ಕೀಲಿ ಆನ್ ಮಾಡಿ, ಪಾಯಿಂಟ್ ಮುಚ್ಚಿರುವ ಹಾಗೆ ಎಂಜಿನ್ ತಿರುಗಿಸಿ, ಕಾಯಿಲಿನ ಪ್ಲಸ್‌ಗೆ ಎಷ್ಟು ವೋಲ್ಟ್ ಬರುತ್ತದೆ ನೋಡು. ಬೇಗ ನೋಡಿ ಆಫ್ ಮಾಡು. ಪಾಯಿಂಟ್ ಮುಚ್ಚಿ ಕೀಲಿ ಆನ್ ಬಿಟ್ಟರೆ ಕಾಯಿಲಿನಲ್ಲಿ ನಾಲ್ಕು ಆಂಪಿಯರ್ ಸುಮ್ನೆ ಹರಿಯುತ್ತಿರುತ್ತದೆ. ಕಾಯಿಲ್ ಸುಡುತ್ತದೆ. ಎಷ್ಟೋ ಹೊಸ ಕಾಯಿಲ್ ಚೆಕ್ ಮಾಡುವಾಗಲೇ ಹೋಗಿರುವುದು ನೋಡಿದ್ದೇನೆ.

ಈಗ ನನ್ನ ಅನುಮಾನ ಹೇಳುತ್ತೇನೆ. ಡೆಲ್ಕೋ ಪಕ್ಕದಲ್ಲಿ ತಟ್ಟೆಯ ಹಾಗೆ ಒಂದು ಡಬ್ಬಿ ಇದೆ, ಕಾರ್ಬೊರೇಟರ್‌ನಿಂದ ಅದಕ್ಕೆ ಸಣ್ಣ ಪೈಪು ಬರುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್, ಕಿಡಿ ಸ್ವಲ್ಪ ಮೊದಲೇ ಹಾರುವ ಹಾಗೆ ಮಾಡುವುದು ಅದರ ಕೆಲಸ. ಐಡ್ಲಿಂಗಿನಲ್ಲಿ ಅದಕ್ಕೆ ಎಳೆತ ಇರುವುದಿಲ್ಲ. ಅರ್ಧ ಒತ್ತಿದಾಗ ಎಳೆತ ಬಂದು ಪಾಯಿಂಟ್ ಕೂತಿರುವ ಪ್ಲೇಟನ್ನೇ ತಿರುಗಿಸುತ್ತದೆ. ಪೂರ್ತಿ ಒತ್ತಿದರೆ ಎಳೆತ ಹೋಗಿ ಪ್ಲೇಟ್ ಮೊದಲಿನ ಜಾಗಕ್ಕೆ ಬರುತ್ತದೆ. ಈಗ ನಿನ್ನ ಮಿಸ್ಸಿಂಗ್ ಯಾವಾಗ ಬರುತ್ತದೆ ಅಂತ ನೆನಪು ಮಾಡಿಕೋ.

ಪ್ಲೇಟಿಗೂ ಡೆಲ್ಕೋ ಮೈಗೂ ನಡುವೆ ಬೆರಳುದ್ದದ ಒಂದು ಸಣ್ಣ ಅರ್ತ್ ವೈರ್ ಇದೆ. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ ಇನ್ನೊಂದು. ಪ್ಲೇಟ್ ತಿರುಗಿದ ಪ್ರತಿ ಸಲ ಇವೆರಡೂ ಬಾಗುತ್ತವೆ. ನಲವತ್ತು ವರ್ಷ ಬಾಗಿವೆ. ಮೇಲಿನ ಹೊದಿಕೆ ಚೆನ್ನಾಗಿದ್ದು ಒಳಗೆ ಎಳೆ ಹರಿದಿರುತ್ತದೆ. ಪ್ಲೇಟ್ ತಿರುಗಿದಾಗ ಹರಿದ ತುದಿಗಳು ದೂರ ಆಗುತ್ತವೆ, ಪಾಯಿಂಟಿಗೆ ಅರ್ತ್ ಇಲ್ಲ, ಕಾಯಿಲ್ ತುಂಬುವುದಿಲ್ಲ, ಕಿಡಿ ಇಲ್ಲ.

ಪರೀಕ್ಷೆ ಸುಲಭ. ಆ ಪೈಪನ್ನು ಡೆಲ್ಕೋ ಕಡೆ ಬಿಚ್ಚು. ಪೈಪಿನ ಬಾಯಿಗೆ ಟೇಪ್ ಸುತ್ತು, ಇಲ್ಲದಿದ್ದರೆ ಗಾಳಿ ಎಳೆಯುತ್ತದೆ. ಹಾಗೇ ಓಡಿಸಿ ನೋಡು. ಆಮೇಲೆ ಮನೆಯಲ್ಲಿ ನಿಲ್ಲಿಸಿ, ಐಡ್ಲಿಂಗಿನಲ್ಲಿ, ಡಬ್ಬಿಗೆ ಚೊಕ್ಕ ರಬ್ಬರ್ ಟ್ಯೂಬ್ ಹಾಕಿ ಬಾಯಿಂದ ಎಳೆ. ಶರ್ಟಿನ ತೋಳು, ಟವೆಲ್ಲು ಫ್ಯಾನ್ ಹತ್ತಿರ ಬರಬಾರದು, ಜೋಕೆ.

ರಿಂಗ್ ರೋಡ್ ರೈಡರ್

ಕಾಕಾ, ಈಗ ಅರ್ಥ ಆಯಿತು. ಕಿಟ್ ಕೂರುವುದೂ ಅದೇ ಪ್ಲೇಟ್ ಮೇಲೆ. ಆ ವೈರ್ ಹರಿದಿದ್ದರೆ ಕೆಲವು ಕಿಟ್‌ಗಳಿಗೂ ಅರ್ತ್ ಸಿಗುವುದಿಲ್ಲ. ದುಡ್ಡು ಹಾಕಿದ ಮೇಲೂ ಮಿಸ್ಸಿಂಗ್ ಹೊಡೆಯುತ್ತಿತ್ತು. ನನ್ನ ಜೀಪಿನಲ್ಲಿ ವೈರ್ ಚೆನ್ನಾಗಿತ್ತು ಅಂತ ಕಾಣುತ್ತದೆ, ಅದಕ್ಕೇ ನಾನು ಕಿಟ್ಟಿಗೆ ಎಲ್ಲ ಹೆಸರು ಕೊಟ್ಟೆ.

ಅಪ್ಪನ ಅಂಬಾಸಡರ್, ಕಲಬುರಗಿ

ಕಾಕಾ!!

ಪೈಪು ಬಿಚ್ಚಿ ಟೇಪ್ ಸುತ್ತಿ ಸೇಡಂ ರಸ್ತೆಯಲ್ಲಿ 20 ಕಿಲೋಮೀಟರ್ ಹೋಗಿ ಬಂದೆ. ಒಂದೇ ಒಂದು ಸಲ ಜಗ್ಗಲಿಲ್ಲ. ಸ್ವಲ್ಪ ಮಂದ ಅನಿಸಿತು ಅಷ್ಟೇ. ಮನೆಗೆ ಬಂದು, ತಮ್ಮನನ್ನು ಕರೆದು, ಟ್ಯೂಬ್ ಹಾಕಿ ಬಾಯಿಂದ ಎಳೆದೆ. ಎಳೆದ ಕೂಡಲೇ ಎಂಜಿನ್ ಟಕ್ ಟಕ್ ಅಂತ ತಪ್ಪಲು ಶುರು ಮಾಡಿತು. ಬಿಟ್ಟರೆ ಸರಿ. ಮತ್ತೆ ಎಳೆದೆ, ಮತ್ತೆ ತಪ್ಪಿತು. ಹತ್ತು ಸಲ ಮಾಡಿರಬೇಕು, ನಂಬಿಕೆಯೇ ಬರಲಿಲ್ಲ. ಮೂರು ತಿಂಗಳು ರಸ್ತೆಯಲ್ಲಿ ಹುಡುಕಿದ್ದು ಮನೆಯ ಅಂಗಳದಲ್ಲಿ ಬಾಯಿಂದ ಎಳೆದರೆ ಬರುತ್ತಿದೆ.

ಡೆಲ್ಕೋ ಬಿಚ್ಚಿ ನೋಡಿದರೆ ಅರ್ತ್ ವೈರ್ ಮೇಲೆ ಬಟ್ಟೆಯ ಹೊದಿಕೆ ಹಾಗೇ ಇದೆ. ಮೆಲ್ಲಗೆ ಎಳೆದೆ, ಕೈಗೇ ಬಂತು. ಒಳಗೆ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು.

ಕಾಯಿಲಿನ ಲೆಕ್ಕ ಹೇಳುವುದು ಮರೆತೆ. ಬ್ಯಾಟರಿ 12.5, ಕಾಯಿಲ್ ಪ್ಲಸ್‌ನಲ್ಲಿ 10.9. ಇದೂ ತಪ್ಪಲ್ವಾ?

ಹಳೇ ವೈರ್‌ಮನ್, ಬೀದರ್

ಸಿಕ್ಕಿತಲ್ಲ. ಬಹಳ ಖುಷಿ ಆಯಿತು ತಮ್ಮಾ.

ಆ ಜಾಗಕ್ಕೆ ಮನೆಯ ವೈರಿಂಗಿನ ತಂತಿ ಹಾಕಬೇಡ. ದಪ್ಪ ಎಳೆಯ ತಾಮ್ರ ಬಾಗಿ ಬಾಗಿ ಗಟ್ಟಿಯಾಗಿ ತಿಂಗಳೊಳಗೆ ಮುರಿಯುತ್ತದೆ. ಕೂದಲಿನ ಹಾಗೆ ಸಣ್ಣ ಎಳೆ ಇರುವ ಮೆತ್ತನೆಯ ವೈರ್ ಬೇಕು. ಒಳ್ಳೆಯ ಮಲ್ಟಿಮೀಟರ್ ಕಡ್ಡಿಯ ಸಿಲಿಕಾನ್ ವೈರ್ ನಡೆಯುತ್ತದೆ. ಗುಜರಿಯಲ್ಲಿ ಹಳೇ ಡೆಲ್ಕೋ ಸಿಕ್ಕರೆ ಅದರ ಪ್ಲೇಟ್ ಪೂರ್ತಿ ತೆಗೆದು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಬೆಸುಗೆ ತುದಿಯಲ್ಲಿ ಮಾತ್ರ ಇರಲಿ, ವೈರಿನೊಳಗೆ ಹರಿದರೆ ಅಲ್ಲಿಯೇ ಮುರಿಯುತ್ತದೆ. ಮುಚ್ಚಳ ಮುಚ್ಚುವ ಮೊದಲು ಬಾಯಿಂದ ಎಳೆದು ಪ್ಲೇಟ್ ತಿರುಗಿಸಿ, ವೈರ್ ಒಳಗೆ ತಿರುಗುವ ರೋಟರಿಗೆ ಉಜ್ಜುತ್ತದಾ ನೋಡು.

10.9 ತಪ್ಪು. ಒಂದೂವರೆ ವೋಲ್ಟ್ ದಾರಿಯಲ್ಲಿ ಹೋಗುತ್ತಿದೆ. ಈ ಗಾಡಿಯಲ್ಲಿ ಕೀಲಿಯಿಂದ ಕಾಯಿಲಿಗೆ ಬರುವುದು ಬಿಳಿ ವೈರ್. ಕಂದು ಬ್ಯಾಟರಿಯದ್ದು, ಹಸಿರು ಫ್ಯೂಸ್ ದಾಟಿದ್ದು, ಕಪ್ಪು ಅರ್ತ್. ಬಣ್ಣ ಮಾಸಿರುತ್ತದೆ, ಟೇಪ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಒರೆಸಿದರೆ ಕಾಣುತ್ತದೆ. ಬಿಳಿ ವೈರಿಗೆ ಯಾರೋ ಏನೋ ಜೋಡಿಸಿರುತ್ತಾರೆ ನೋಡು.

ಅಪ್ಪನ ಅಂಬಾಸಡರ್, ಕಲಬುರಗಿ

ಜೋಡಿಸಿದ್ದರು ಕಾಕಾ. ಟೇಪ್ ರೆಕಾರ್ಡರ್, ಫ್ಯಾನ್, ಎರಡು ಫಾಗ್ ಲೈಟ್. ಎಲ್ಲ ಬಿಳಿ ವೈರಿಗೆ ಸುತ್ತಿ ಟೇಪ್ ಹಾಕಿದ್ದು. ಟೇಪ್ ರೆಕಾರ್ಡರ್ ಹಾಕಿಸಿದ್ದು ಅಪ್ಪನೇ, ಶರಣಬಸವೇಶ್ವರ ಜಾತ್ರೆಗೆ ಹೋಗುವಾಗ ವಚನ ಕೇಳುತ್ತಿದ್ದರಂತೆ. ಎಲ್ಲ ಬಿಡಿಸಿ ಬೇರೆ ಫ್ಯೂಸ್, ರಿಲೇ ಹಾಕಿ ಬ್ಯಾಟರಿಯಿಂದ ಕೊಟ್ಟೆ. ಟೇಪ್ ರೆಕಾರ್ಡರ್ ಉಳಿಸಿದ್ದೇನೆ. ಈಗ ಕಾಯಿಲಿನಲ್ಲಿ 12.1.

ಡೆಲ್ಕೋ ಪ್ಲೇಟಿಗಾಗಿ ಸೋಲಾಪುರಕ್ಕೆ ಹೋಗಬೇಕು ಅಂದುಕೊಂಡಿದ್ದೆ, ಇಲ್ಲೇ ಗುಜರಿಯಲ್ಲಿ ಸಿಕ್ಕಿತು.

ಹುಮನಾಬಾದ್ ಹುಡುಗ

ಹಳೇ ಪಾಯಿಂಟ್ ಎಸೆದಿಲ್ಲ ತಾನೆ? ಮುಖ ನೋಡಿ. ಒಂದು ಕಡೆ ಗುಣಿ, ಇನ್ನೊಂದು ಕಡೆ ಉಬ್ಬು ಎದ್ದಿದ್ದರೆ ಕಂಡೆನ್ಸರ್ ಸರಿ ಹೊಂದಿಲ್ಲ ಅಂತ. ಎರಡೂ ಬೂದು ಬಣ್ಣ, ಸಪಾಟಾಗಿದ್ದರೆ ನಿಮ್ಮ ಮೊದಲಿನ ಕಂಡೆನ್ಸರ್ ಒಳ್ಳೆಯದೇ ಇತ್ತು. ಈಗ ಅಂಗಡಿಯಲ್ಲಿ ಬರುವ ಹೊಸ ಕಂಡೆನ್ಸರ್‌ಗಿಂತ ಕೆಲಸ ಮಾಡುತ್ತಿರುವ ಹಳೆಯದನ್ನೇ ನಾನು ನಂಬುತ್ತೇನೆ.

ಅಪ್ಪನ ಅಂಬಾಸಡರ್, ಕಲಬುರಗಿ

ಎಸೆದಿಲ್ಲ. ಬೂದು, ಸಪಾಟು. ಹಳೇ ಕಂಡೆನ್ಸರನ್ನೇ ಮತ್ತೆ ಹಾಕಿದೆ, ಹೊಸದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟೆ.

ನಿನ್ನೆ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಹುಮನಾಬಾದ್ ತನಕ ಹೋಗಿ ಬಂದೆವು. ವ್ಯಾಕ್ಯೂಮ್ ಪೈಪು ಹಾಕಿದೆ. ಮಹಾಗಾಂವ್ ಕ್ರಾಸ್ ದಾಟಿ 55ರಲ್ಲಿ ಕಾಲು ಅಲುಗಾಡಿಸದೆ ಹಿಡಿದೆ. ಏನೂ ಇಲ್ಲ, ನೀರು ಹರಿದ ಹಾಗೆ. ಕಮಲಾಪುರದಲ್ಲಿ ಅಪ್ಪ ಸ್ಟೇರಿಂಗ್ ತಗೊಂಡರು. ಮಂಡಿ ನೋವಿಗೆ ಎರಡು ವರ್ಷದಿಂದ ಬಿಟ್ಟಿದ್ದರು.

ಕಾಕಾ, ಮುಂದಿನ ವಾರ ಬೀದರಿಗೆ ಇದೇ ಗಾಡಿಯಲ್ಲಿ ಬರುತ್ತೇವೆ. ಅಪ್ಪ ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ.

ಹಳೇ ವೈರ್‌ಮನ್, ಬೀದರ್

ಬನ್ನಿ, ಊಟಕ್ಕೇ ಬನ್ನಿ. ಹಳೇ ವೈರ್ ತುಂಡು ತಗೊಂಡು ಬಾ. ಮೊಮ್ಮಗ ಐಟಿಐ ಓದುತ್ತಿದ್ದಾನೆ, ಅವನಿಗೆ ಕೈಯಲ್ಲಿ ಕೊಟ್ಟು ತೋರಿಸಬೇಕು.

ಪದ್ಮಿನಿ ಯಾದಗಿರಿ

ನಾನು ಎರಡು ವರ್ಷದಿಂದ ವೇಪರ್ ಲಾಕ್ ಅಂತಲೇ ಒದ್ದೆ ಬಟ್ಟೆ ಹಾಕುತ್ತಿದ್ದೇನೆ. ಈಗ ಯೋಚನೆ ಮಾಡಿದರೆ ಚಳಿಗಾಲದಲ್ಲೂ ಒಮ್ಮೆ ಜಗ್ಗಿತ್ತು. ಇವತ್ತು ಸಂಜೆ ಡೆಲ್ಕೋ ಮುಚ್ಚಳ ತೆಗೆದು ಒಳಗಿನ ವೈರ್ ಎಳೆದು ನೋಡುತ್ತೇನೆ, ಆಮೇಲೆ ಸೆಲ್ಫ್ ಹೊಡೆದು ಅರ್ತ್ ವೋಲ್ಟೇಜ್ ಎಷ್ಟು ಬರುತ್ತದೆ ಅಂತ ಇಲ್ಲೇ ಬರೆಯುತ್ತೇನೆ.